ಆರನೇ ಕಾಲಂ

ಅರ್ಜಿಯ ಆರನೇ ಕಾಲಂ ಒಂದು ವಾರದಿಂದ ಖಾಲಿ.
ಹೆಸರು ಬರೆದೆ: ಹೊನ್ನಮ್ಮ ಸಿ. ಅಜ್ಜಿಯದೇ ಹೆಸರು.
ಓದು ಬರೆದೆ: ಜಿಎನ್‌ಎಂ, ಹಾಸನ, ಮೂರು ವರ್ಷ.
ಅನಾಟಮಿ ಎರಡು ಸಲ ಕಟ್ಟಿದ್ದನ್ನು
ಅವರು ಕೇಳಿಲ್ಲ, ನಾನು ಹೇಳಿಲ್ಲ.
ನೋಂದಣಿ ಸಂಖ್ಯೆ ಬಾಯಿಪಾಠ:
ದಾದಿ, ಸೂಲಗಿತ್ತಿ, ಎರಡೂ ಒಂದೇ ಕಾಗದದಲ್ಲಿ.
ಆರನೆಯದು ಮಾತ್ರ ಕೇಳುತ್ತದೆ,
ಯಾವ ವಿಭಾಗ? ಒಂದನ್ನೇ ಬರೆಯಿರಿ.

ಡಯಾಲಿಸಿಸ್ ತಗೋ, ಅಂದರು ಜಸಿಂತಾ ಸಿಸ್ಟರ್.
ವಾರಕ್ಕೆ ಮೂರು ಸಲ ಅದೇ ಮುಖಗಳು,
ನಾಲ್ಕು ಗಂಟೆ ಒರಗಿ ಮನೆ ಕತೆ ಹೇಳ್ತಾರೆ,
ಒಂದಿನ ಒಂದು ಕುರ್ಚಿ ಖಾಲಿ. ಅಭ್ಯಾಸ ಆಗತ್ತೆ.
ಅಭ್ಯಾಸ ಆಗಿದ್ದರೆ
ಆ ಕುರ್ಚಿಗೆ ಬೆನ್ನು ಹಾಕಿ ಯಾಕೆ ಹೇಳಿದರು?

ಜೊತೆಗೆ ಓದಿದ ಮುಬೀನ್
ಮನೋರೋಗದ ಡಿಪ್ಲೊಮಾ ಮುಗಿಸಿ ಬಂದ.
ಬೀದಿಯಲ್ಲಿ ಅವನನ್ನು ಹುಚ್ಚರ ಬ್ರದರ್ ಅಂತಾರಂತೆ.
ಅಂದವರೇ ಕತ್ತಲಾದ ಮೇಲೆ
ಅಂಗಡಿ ಹಿಂದಕ್ಕೆ ಕರೆದು
ನಿದ್ದೆ ಬರ್ತಿಲ್ಲ ಅಂತಾರಂತೆ.

ಎಂಎಸ್ಸಿ ಕನಸು ಬೇಡ, ಅದಕ್ಕೆ ಮೊದಲು ಬಿಎಸ್ಸಿ,
ಬಿಎಸ್ಸಿಗೆ ಇನ್ನೆರಡು ವರ್ಷ,
ಒಂದು ವರ್ಷದ ಡಿಪ್ಲೊಮಾ ನಿಂಗೆ ಸರಿ,
ಅಂದ ಕ್ಲರ್ಕು ಲೋಕೇಶಪ್ಪ ಪೆನ್ನಿನ ಕ್ಯಾಪು ಕಚ್ಚುತ್ತ,
ನನ್ನ ವರ್ಷಗಳನ್ನು ತಾನೇ ಸಾಲ ಕೊಟ್ಟವನ ಹಾಗೆ.

ಅಪ್ಪ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವನು.
ನರ್ಸು ಅಂದ್ರೆ ನರ್ಸು, ಅದ್ರಲ್ಲಿ ಬ್ಯಾರೆ ಬ್ಯಾರೆ ಏನವ್ವ?
ಆಲೂಗಡ್ಡೆ ಅಂದ್ರೆ ಆಲೂಗಡ್ಡೆಯಾ? ಅಂದೆ.
ಎದ್ದು ಕೂತ.
ದಪ್ಪ ಬ್ಯಾರೆ, ಮಧ್ಯಮ ಬ್ಯಾರೆ, ಗೋಲಿ ಬ್ಯಾರೆ,
ಗಾಯದ್ದು, ಹಸುರು ತಿರುಗಿದ್ದು, ಕಣ್ಣು ಬಿಟ್ಟಿದ್ದು ಬ್ಯಾರೆ.
ಕೈಗೆ ಎತ್ತಿದ್ರೆ ಸಾಕು, ತಕ್ಕಡಿ ನನ್ನ ಮಾತೇ ಹೇಳ್ಬೇಕು.

ನನಗೂ ಆ ಕೈ ಬಂದಿದೆ.

ಹೋದ ತಿಂಗಳು ಒಂದು ರಾತ್ರಿ, ಆಳು ಸಾಲದೆ
ನವಜಾತ ಘಟಕಕ್ಕೆ ನನ್ನನ್ನು ತಳ್ಳಿದರು.
ಅರಕಲಗೂಡು ಕಡೆಯಿಂದ ಆಟೋದಲ್ಲಿ ಬಂದ ಕೂಸು,
ಏಳಕ್ಕೇ ಹುಟ್ಟಿದ್ದು,
ಅಜ್ಜಿಯ ಎದೆಗೆ ಸೆರಗಿನಲ್ಲಿ ಕಟ್ಟಿಕೊಂಡು.
ಎತ್ತಿಕೊಂಡೆ. ಯಂತ್ರ ಇನ್ನೂ ಸೊನ್ನೆಗೆ ನಿಲ್ಲದೆ ಮಿಟುಕುತ್ತಿತ್ತು.
ಎಂಟುನೂರ ಎಪ್ಪತ್ತು, ಅಂದೆ.
ಡಾಕ್ಟರು ತಿರುಗಿ ನೋಡಿದರು.
ಯಂತ್ರ ಎಂಟುನೂರ ಎಂಬತ್ತು ಅಂದಿತು.
ಹತ್ತು ಗ್ರಾಂ ಬಟ್ಟೆಯದು, ಈಗಲೂ ವಾದಿಸುತ್ತೇನೆ.

ಬೆಳಗಿನೊಳಗೆ ಐದು ಸಲ ಉಸಿರು ಮರೆಯಿತು ಕೂಸು.
ಐದು ಸಲ ಅಂಗಾಲಿಗೆ ಬೆರಳು ತಟ್ಟಿ ನೆನಪಿಸಿದೆ.
ಪಾದ ನನ್ನ ಹೆಬ್ಬೆರಳಿನಷ್ಟುದ್ದ.
ನನ್ನ ಡ್ಯೂಟಿ ಮುಗಿಯಿತು. ಕೂಸು ಮುಗಿಯಲಿಲ್ಲ.

ಅಪ್ಪನಿಗೆ ಇದನ್ನು ಹೇಳಿದೆ. ಬೀಡಿ ಆರಿಸಿ,
ಗೋಲಿಗೆ ರೇಟಿಲ್ಲ ಮಗ, ಅಂದ.
ಆಮೇಲೆ ಉಂಡ, ಕೈ ತೊಳೆದ,
ಗ್ಯಾಸ್ ಸಿಲಿಂಡರಿನ ಮಾತಾಡುತ್ತಿದ್ದವನು ನಡುವೆ ನಿಲ್ಲಿಸಿ,
ಬಿತ್ತನೆಗೆ ಮಾತ್ರ ಅದೇ ಬೇಕು ಕಣವ್ವ,
ಕುಯ್ಯಂಗಿಲ್ಲ, ಇಡೀದಾಗೇ ನೆಡಾದು, ಅಂದ.

ಬರೆದೆ. ಅಕ್ಷರ ಚೌಕದಾಚೆ ಹೋಯಿತು.
ಇನ್ನು ಬೇಕಾದ್ದು ಒಂದು ವರ್ಷದ ಅನುಭವ ಪತ್ರ,
ಅದಕ್ಕೆ ಮೇಟ್ರನ್ ಸಹಿ, ಸೀಲು;
ಮೇಟ್ರನ್ ಮಂಗಳವಾರದ ತನಕ ರಜೆ.
ಏಳನೇ ಕಾಲಂ: ಈ ಆಯ್ಕೆಗೆ ಕಾರಣ, ಇಪ್ಪತ್ತು ಪದಗಳಲ್ಲಿ.
‘ಕೈ’ ಎಂದು ಬರೆದು ಕೂತಿದ್ದೇನೆ.
ಇನ್ನೂ ಹತ್ತೊಂಬತ್ತು ಬೇಕಂತೆ.