ಎರಡು ಗೂಡ್ಸಿನ ನಡುವೆ

ವಾಡಿಯೊಳಗ ರಾತ್ರಿ ಎರಡಕ್ಕ
ಗೂಡ್ಸ್ ದಾಟಿದ ಮ್ಯಾಗ
ಹನ್ನೊಂದು ನಿಮಿಷ ಊರು ಸುಮ್ಮನಿರತದ.
ಅಷ್ಟರಾಗ ಹಾಡಬೇಕು.

ಫ್ಯಾನ್ ಬಂದ್. ಫರ್ಸಿ ಇನ್ನಾ ಬಿಸಿ.
ಕೌದಿಯೊಳಗ ಚಂದಮ್ಮಕ್ಕ, ಅಕಿ ಫೋನು, ಬೆವರು.
ನಾ ಹೊರಗ, ಗಡಿಯಾರ ಹಿಡಕೊಂಡು.

ಆಲ್ಬಮಿಗೆ ಎಂಟು ಹಾಡು ಆದವು.
ಎಂಟರಾಗೂ ಅವನ ಹೆಸರಿಲ್ಲ;
ಸಿಮೆಂಟ್ ಧೂಳು ಕುಂತ ಸೈಕಲ್ ಸೀಟು ಅದ,
ಅರ್ಧ ಉಳಿದ ಚಾ,
'ನನ್ನ ಸಿಟ್ಟು ನಂದಲ್ಲ, ಅಪ್ಪಂದು' ಅನ್ನೋ ಸಾಲು.
ಅದನ್ನ ಮೂರು ಸಲ ಅಳಿಸಿದ್ದಳು.

ಒಂಬತ್ತನೇದು.
ನಾಕನೇ ಸಾಲಿಗೆ ದನಿ ನಿಂತಿತು.
ಕೌದಿ ಏರತದ, ಇಳಿತದ.
ಅಕಿ ಹಾಡಲಿಲ್ಲ. ನಾ ಕೇಳಲಿಲ್ಲ.
ಆಮ್ಯಾಲ ಗಾಡಿ ಬಂತು,
ಮಾಡದಾಗಿನ ತಾಟು ನಡುಗಿದವು.

ಹೊರಗ ಬಂದಳು, ಕೂದಲು ಹಣಿಗೆ ಅಂಟಿ:
'ಇದನ್ನ ಹಿಂಗೇ ಇಡು.
ಗಾಡಿ ಸೈತ.'