ಗುಳ್ಳೆ ಎಣಿಸುವವಳು

ಹದಿನೆಂಟು ವರ್ಷ ದೋಣಿಯಂಚಿಗೆ ಕೂತು
ತಮ್ಮನ ಉಸಿರಿನ ಕೊಳವೆ ಹಿಡಿದವಳು ನಾನು.
ಕೆಳಗೆ, ಇಪ್ಪತ್ತು ಮೀಟರು ಚಳಿಯಲ್ಲಿ,
ಅವನು ಬಂಡೆಗಂಟಿದ ಮುಳ್ಳುಂಡೆ ಕೀಳುತ್ತಾನೆ.
ಮೇಲೆ ನಾನು ನೀರು ನೋಡುತ್ತೇನೆ.
"ಬಂದವಾ?" ಎಂಜಿನ್ನಿನ ಪಕ್ಕದಿಂದ ಚಿಕ್ಕಪ್ಪ ಕೂಗುತ್ತಾನೆ.
"ಬಂದವು."
ಗುಳ್ಳೆ ಬಂದರೆ ರೆಮಿಹಿಯೊ ಇದ್ದಾನೆ.
ನಾನು ಕಲಿತ ವಿದ್ಯೆ ಇಷ್ಟೇ.

ಮಾರ್ಚಿಯಲ್ಲೊಂದು ದಿನ ಮೇಲೆ ಬಂದವನು
ಎಡಗೈ ನನ್ನದಲ್ಲ ಅಂದ.
ಮಲಗು, ಸರಿಹೋಗುತ್ತೆ ಅಂದೆ.
ಆ ಮಾತನ್ನು ಈಗಲೂ ಅಗಿಯುತ್ತಿದ್ದೇನೆ.

ಕೈಲಿನ್ ದ್ವೀಪದಿಂದ ದೋಣಿ, ಕೆಯ್ಯೋನಿನಿಂದ ಬಸ್ಸು,
ಬಸ್ಸನ್ನೇ ಹೊತ್ತ ಹಡಗು,
ಆಮೇಲೆ ಪ್ವೆರ್ತೊ ಮೊಂತಿನ ಆಸ್ಪತ್ರೆ, ಮೂರನೆಯ ಮಹಡಿ.
ಯಸ್ನಾ ಎಂಬ ಹುಡುಗಿ. ಉಗುರಿಗೆ ನೇರಳೆ ಬಣ್ಣ.
ಎಡಮಗ್ಗುಲಾಗಿ ಮಲಗಿ, ಅಂದಳು.
ಎದೆಗೆ ತಣ್ಣನೆ ಲೋಳೆ ಬಳಿದಳು.
ಮೊಣಕೈ ಮಡಿಲಲ್ಲಿ ಸೂಜಿ. ನೋವು ಅಂದರೆ ಅದೊಂದೇ.

ಎರಡು ಸಿರಿಂಜು, ನಡುವೆ ಪುಟ್ಟ ನಲ್ಲಿ.
ಉಪ್ಪುನೀರು, ಚಿಟಿಕೆ ಗಾಳಿ,
ಅತ್ತಿಂದಿತ್ತ ಇತ್ತಿಂದತ್ತ ನೂಕಿ
ನೊರೆಯೇಳುವ ತನಕ ಕಡೆದಳು.
ನನಗೆ ತಡೆಯಲಿಲ್ಲ:
"ಗುಳ್ಳೆಯಿಂದ ಕೆಟ್ಟವನಿಗೆ ಗುಳ್ಳೆಯನ್ನೇ ಹಾಕುತ್ತೀಯೇನೇ?"
ಅವಳು ಬೇಸರಿಸಲಿಲ್ಲ.
"ಇವು ತೀರ ಸಣ್ಣವು, ಅಕ್ಕ.
ಹೃದಯದ ಬಲಗೋಣೆಗೆ ಬರುತ್ತವೆ,
ಮುಂದೆ ಶ್ವಾಸಕೋಶ ಜರಡಿ ಹಿಡಿಯುತ್ತದೆ.
ಗೋಡೆ ಸರಿಯಿದ್ದರೆ ಎಡಕ್ಕೆ ಒಂದೂ ಬರಬಾರದು.
ಹುಟ್ಟುವಾಗ ಎಲ್ಲರಿಗೂ ಅಲ್ಲೊಂದು ಬಾಗಿಲಿರುತ್ತದೆ.
ಕೆಲವರದು ಮುಚ್ಚಿಕೊಳ್ಳುವುದಿಲ್ಲ."

ತೆರೆಯಲ್ಲಿ ಎಡ ಬಲ ಅದಲುಬದಲು, ಕನ್ನಡಿಯ ಹಾಗೆ.
ಕಪ್ಪು ಕೋಣೆ. ಮಿಟುಕುವ ಕವಾಟ.
ಒಮ್ಮೆಲೇ ಅರ್ಧ ಹೃದಯ ಬೆಳ್ಳಗಾಯಿತು,
ಹುಣ್ಣಿಮೆಯ ಇಳಿತದಲ್ಲಿ ನಮ್ಮ ಕಾಲುವೆ ಕುದಿಯುವ ಹಾಗೆ.
ಇನ್ನರ್ಧ ಕಪ್ಪಾಗಿಯೇ ಇತ್ತು.
ಉಸಿರು ಬಿಟ್ಟೆ.

"ಇನ್ನೊಂದು ಸಲ," ಅಂದಳು ಯಸ್ನಾ.
"ಈಗ ಉಸಿರು ಕಟ್ಟಿ ತಿಣುಕಿ.
ಬೆಳಗ್ಗೆ ಪಾಯಿಖಾನೆಯಲ್ಲಿ ತಿಣುಕುತ್ತೀರಲ್ಲ, ಹಾಗೆ."
"ಅಕ್ಕನ ಎದುರಿಗಾ?" ಅಂದ ತಮ್ಮ.
ಮಾರ್ಚಿಯ ನಂತರ ಅವನು ನಕ್ಕಿದ್ದು ಆಗಲೇ,
ಎದೆ ಕುಲುಕಿ ಚಿತ್ರವೆಲ್ಲ ಕಲಸಿಹೋಯಿತು.
ಮತ್ತೆ ಕಡೆದಳು. ಮತ್ತೆ ನೂಕಿದಳು.
ತಿಣುಕಿ, ತಿಣುಕಿ, ಇನ್ನೂ, ಹಾಂ, ಬಿಡಿ!

ಒಂದು.
ಕಪ್ಪಿನೊಳಗೆ ಒಂದು ಬಿಳಿ ಚುಕ್ಕೆ,
ದಾರಿ ತಪ್ಪಿದಂತಲ್ಲ,
ದಾರಿ ಗೊತ್ತಿದ್ದಂತೆ.
ಎರಡು, ಮೂರು, ಆರು.
ನನ್ನ ಕಣ್ಣು ಪಳಗಿದ್ದು ಇದಕ್ಕೇ ತಾನೇ,
ಅಲೆಯ ನಡುವೆಯೂ ಎಣಿಸಿದವಳು.
ಹನ್ನೊಂದು.

ಯಸ್ನಾ ಏನೂ ಹೇಳಲಿಲ್ಲ.
ಡಾಕ್ಟರು ಗುರುವಾರ ಹೇಳುತ್ತಾರಂತೆ.
ಲೋಳೆ ಒರೆಸಲು ಒರಟು ಕಾಗದ ಕೊಟ್ಟಳು,
ಸೂಜಿಯ ಜಾಗಕ್ಕೆ ಹತ್ತಿ ಒತ್ತಿದಳು.
ಅರ್ಧ ಗಂಟೆಯೂ ಆಗಿರಲಿಲ್ಲ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತ
ತಮ್ಮ ನನ್ನತ್ತ ನೋಡದೆ ಕೇಳಿದ:
"ಬಂದವಾ?"

ಬಾಯಿ ತನ್ನಷ್ಟಕ್ಕೆ ತಾನೇ ತೆರೆಯಿತು,
ಹದಿನೆಂಟು ವರ್ಷದ ರೂಢಿ.
"ಬಂದವು," ಅಂದೆ.