ಮಂಗಳವಾರದ ವೇಗ

ಹುಲಿಕಲ್ ಘಾಟಿ ಹತ್ತಿ ಬಂದ ಮೀನಿನ ಲಾರಿ
ಮಾಸ್ತಿಕಟ್ಟೆಯಲ್ಲಿ ಇಳಿಸಿದ ಎರಡು ಬುಟ್ಟಿ
ಮಯ್ಯದ್ದಿ ಬ್ಯಾರಿಯ ಎಂ ಎಯ್ಟಿ ಏರಿ
ನಮ್ಮೆದುರು ಗುಡ್ಡದ ತಿರುವಿಗೆ ಬಂದರೆ
ಪೊಂಯ್ ಅಂತ ಒಂದು ಹಾರನ್ನು.
ಅಲ್ಲಿಂದ ನಮ್ಮನೆಗೆ ಹೆಚ್ಚೂಕಮ್ಮಿ ಕೂಗಳತೆ;
ರಸ್ತೆ ಮಾತ್ರ ಹೊಳೆಯನ್ನೆಲ್ಲ ಬಳಸಿಕೊಂಡು ಬರುತ್ತದೆ.

ನಾನಾಗ ಏಳನೇ ಕ್ಲಾಸು.
ಹೊಸ ಸೂತ್ರ ಕೈ ತುರಿಸುತ್ತಿತ್ತು:
ದೂರವನ್ನು ಕಾಲದಿಂದ ಭಾಗಿಸು.
ಕಾಲ ಇತ್ತು, ಅಪ್ಪನ ಎಚ್ಚೆಂಟಿ ವಾಚಿನಲ್ಲಿ.
ದೂರಕ್ಕೆ ಅಣ್ಣನ ಸೈಕಲ್ ಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿ
ತಳ್ಳಿಕೊಂಡು ಹೋದೆ, ಸುತ್ತು ಎಣಿಸುತ್ತ.
ಮೂರು ಸಾವಿರದ ನೂರ ಎಂಬತ್ತು.
ಸುತ್ತಿಗೆ ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್.
ಏಳು ಕಿಲೋಮೀಟರಿಗೆ ನಾಲ್ಕೇ ಮೀಟರ್ ಕಮ್ಮಿ;
ಆ ನಾಲ್ಕನ್ನು ನಮ್ಮ ಅಂಗಳದಿಂದ ಕಡ ತಂದೆ.

ತಿರುವಿನ ಹಾರನ್ನಿಂದ ದಣಪೆಯ ಹಾರನ್ನಿಗೆ
ಹದಿನಾಲ್ಕು ನಿಮಿಷ. ಅಂದರೆ ಗಂಟೆಗೆ ಮೂವತ್ತು.
ಸೋಮವಾರ ಹನ್ನೆರಡೇ:
ಅವತ್ತು ಮೀನು ಮುಟ್ಟದವರೇ ಹೆಚ್ಚು, ಬುಟ್ಟಿ ಹಗುರ,
ವೇಗ ನೋಡಿ ತೂಕ ಹೇಳಿಬಿಡುತ್ತಿದ್ದೆ.
ಕಣಿವೆ ದಾಟಿ ಬರಲು ಸದ್ದಿಗೂ ಎರಡು ಸೆಕೆಂಡು ಬೇಕು,
ಅದನ್ನು ಕಳೆದು ಬರೆದಿದ್ದೆ.
ಜುಸ್ತೀನಾ ಟೀಚರ್ ಕೆಂಪು ಗೀಟು ಹಾಕಿದರು:
'ಕಳೆಯೋದಲ್ಲ, ಕೂಡಿಸೋದು.
ನಿನಗೆ ಕೇಳೋ ಮೊದಲೇ ಅವನು ಹೊರಟಾಗಿತ್ತು.'

ಬೆಕ್ಕು ಯಾವ ಭಾಗಾಕಾರವೂ ಇಲ್ಲದೆ
ಸರಿಯಾದ ಹೊತ್ತಿಗೆ ಪಾಗಾರದ ಮೇಲಿರುತ್ತಿತ್ತು.

ಮಂಗಳವಾರ ಮಾತ್ರ ಇಪ್ಪತ್ತೇಳು.
ಒಂದು ಮಂಗಳವಾರವಲ್ಲ, ಗೋಡೆಯ ಮೇಲಿನ ಒಂಬತ್ತೂ.
ಲೆಕ್ಕದ ಪ್ರಕಾರ ಅವನು ಅವತ್ತು
ಹದಿನೈದೂವರೆಯ ವೇಗದಲ್ಲಿ ಬರುತ್ತಿದ್ದ.
ಹಾಗೆ ಬಂದರೆ ಗಾಡಿ ಏರಿನಲ್ಲಿ ಕಣ್ಣು ಮುಚ್ಚುತ್ತದೆ.
ಸರಾಸರಿ ಸುಳ್ಳು ಹೇಳುತ್ತದೆ ಅಂತ
ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಹತ್ತನೇ ಮಂಗಳವಾರ ಸ್ಕೂಲು ತಪ್ಪಿಸಿ ಎದುರು ಹೋದೆ.
ಎರಡನೇ ಮೋರಿಯ ಹತ್ತಿರ ಎಂ ಎಯ್ಟಿ ನಿಂತಿತ್ತು,
ಬುಟ್ಟಿಯಿಂದ ಉಪ್ಪುನೀರು ತೊಟಕ್ ತೊಟಕ್.
ಮಯ್ಯದ್ದಿ ಕಟ್ಟೆ ಮೇಲೆ, ಚಪ್ಪಲಿ ಪಕ್ಕಕ್ಕೆ,
ಬೀಡಿ ಇಲ್ಲ, ಎಲೆಯಡಿಕೆ ಇಲ್ಲ,
ನೀರಿನ ಕಡೆಗೂ ನೋಡುತ್ತಿರಲಿಲ್ಲ.
ಸುಮ್ಮನೆ ಕೂತಿದ್ದ, ಅಷ್ಟೇ.

'ಐಸು ಕರಗಲ್ವಾ?'
'ಕರಗ್ತದೆ. ಎರಡು ಬಂಗುಡೆಯಷ್ಟು ನಷ್ಟ.'
'ಮತ್ತೆ ಮಂಗಳವಾರ ಯಾಕೆ?'
ಮುಖ ನೋಡಿದ, ಲೆಕ್ಕ ಬಾರದವಳನ್ನು ನೋಡುವ ಹಾಗೆ.
'ಯಾವುದಾದ್ರೂ ಒಂದು ವಾರ ಬೇಕಲ್ಲ ಮಗಾ.'

ಈಗ ಶಿವಮೊಗ್ಗದ ಡಿಪೋದಲ್ಲಿ ಕೂತು
ಬಸ್ಸುಗಳಿಗೆ ಓಟದ ಕಾಲ ಬರೆಯುತ್ತೇನೆ.
ಕಿಲೋಮೀಟರ್ ಇಷ್ಟು, ನಿಲುಗಡೆ ಇಷ್ಟು,
ಘಾಟಿ ಇದ್ದರೆ ಇಷ್ಟು, ಮಳೆಗಾಲವಾದರೆ ಇನ್ನಿಷ್ಟು.
ಹೋದ ವರ್ಷ ನಗರದ ಕಡೆಯ ಒಂದು ರೂಟಿಗೆ
ಲೆಕ್ಕವೆಲ್ಲ ಮುಗಿಸಿ ಹದಿಮೂರು ನಿಮಿಷ ಸೇರಿಸಿದೆ.
'ಇದು ಯಾವ ಬಾಬ್ತು?' ಮ್ಯಾನೇಜರ್ ಕೇಳಿದರು.
ಮೋರಿ ಅಂದೆ.
ರಿಪೇರಿ ನಡೀತಿದೆಯೇನೋ ಅಂದುಕೊಂಡು
ಹದಿಮೂರನ್ನು ಐದು ಮಾಡಿ ಸಹಿ ಹಾಕಿದರು.

ಆ ಬಸ್ಸು ವಾರಕ್ಕೊಮ್ಮೆ
ಸರಿಯಾಗಿ ಎಂಟು ನಿಮಿಷ ತಡವಾಗಿ ಬರುತ್ತದಂತೆ.
ದೂರು ಮೇಜಿನ ಮೇಲಿದೆ.
ಡ್ರೈವರನ್ನು ಕರೆಸಿ ಕೇಳಬೇಕು.
ಇನ್ನೂ ಕರೆಸಿಲ್ಲ.